ವಿದ್ಯಾರ್ಥಿಗಳ ಆರೋಗ್ಯ: ಅರಿವು, ಮನೋಭಾವ, ಆಚರಣೆ

ಶಾಲೆಯೊಂದು ತನ್ನ ಸ್ಮರಣ ಸಂಚಿಕೆಯನ್ನು ಹೊರತರುವಾಗ ಪರೀಕ್ಷೆಯ ಫಲಿತಾಂಶ, ಕ್ರೀಡೆಯಲ್ಲಿ ಗಳಿಸಿದ ಪಾರಿತೋಷಕ, ಹೊಸದಾಗಿ ಕಟ್ಟಿದ ಕೊಠಡಿ, ದಾನಿಗಳ ನಾಮಾವಳಿ ಇವುಗಳನ್ನು ಅಚ್ಚುಕಟ್ಟಾಗಿ ದಾಖಲಿಸುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ಆ ಕೊಠಡಿಗಳಲ್ಲಿ ಕುಳಿತ ಮಕ್ಕಳ ರಕ್ತದಲ್ಲಿ ಎಷ್ಟು ಕಸುವಿದೆ, ಊಟಕ್ಕೆ ಮುನ್ನ ಅವರು ಕೈ ತೊಳೆಯುತ್ತಾರೆಯೇ, ಹತ್ತನೆಯ ತರಗತಿಯನ್ನು ಮುಗಿಸಿದ ಹೆಣ್ಣುಮಗಳು ಜೂನ್ ತಿಂಗಳಲ್ಲಿ ಕಾಲೇಜಿನ ಬಾಗಿಲಿಗೆ ಬಂದಳೇ ಅಥವಾ ಅದಕ್ಕೆ ಮೊದಲೇ ಹಸೆಮಣೆಯನ್ನು ಏರಿದಳೇ ಎಂಬ ವಿಷಯ ಇಂತಹ ಸಂಚಿಕೆಗಳ ಪುಟಗಳಲ್ಲಿ ಕಾಣಸಿಗುವುದು ವಿರಳ. ಪ್ರಸ್ತುತ ಲೇಖನವು ಆ ಕಡೆಗೆ ಅಧ್ಯಾಪಕರ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಗಮನವನ್ನು ಸೆಳೆಯುವ ಒಂದು ಯತ್ನ.

ಆರೋಗ್ಯ ಹಾಗೂ ಸಾಮಾಜಿಕ ವಿಷಯಗಳ ಬಗ್ಗೆ ಜನರನ್ನು ಅಭ್ಯಸಿಸುವವರು ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಕೇಳುವ ಪದ್ಧತಿಯನ್ನು ಇಟ್ಟುಕೊಂಡಿದ್ದಾರೆ. ಒಂದು ವಿಷಯ ಅವರಿಗೆ ತಿಳಿದಿದೆಯೇ? ತಿಳಿದಿದ್ದರೆ ಅದು ಒಳ್ಳೆಯದೆಂದು ಅವರ ಮನಸ್ಸು ಒಪ್ಪಿದೆಯೇ? ಒಪ್ಪಿದ್ದರೆ ಅವರು ಅದರಂತೆ ನಡೆಯುತ್ತಾರೆಯೇ? ಅರಿವು, ಮನೋಭಾವ, ಆಚರಣೆ ಎಂಬ ಈ ಮೂರನ್ನು ಒಂದರ ಹಿಂದೆ ಒಂದು ಜೋಡಿಸಿದ ಸರಪಳಿಯೆಂದು ಭಾವಿಸಿ, ಮೊದಲ ಕೊಂಡಿಯನ್ನು ಎಳೆದರೆ ಕೊನೆಯ ಕೊಂಡಿಯೂ ತಾನಾಗಿ ಬರುವುದೆಂದು ಬಹುಕಾಲ ನಂಬಲಾಗಿತ್ತು. ನಮ್ಮ ಶಾಲೆಗಳ ಆರೋಗ್ಯಶಿಕ್ಷಣವು ಇಂದಿಗೂ ಬಹುಮಟ್ಟಿಗೆ ಅದೇ ನಂಬಿಕೆಯ ಮೇಲೆ ನಿಂತಿದೆ. ಪಾಠ ಮಾಡಿದೆವು, ಭಿತ್ತಿಚಿತ್ರ ಅಂಟಿಸಿದೆವು, ಪ್ರಬಂಧಸ್ಪರ್ಧೆ ಏರ್ಪಡಿಸಿದೆವು, ಕಾರ್ಯ ಮುಗಿಯಿತು. ನುಡಿಯೊಡನೆ ನಡೆ ಕೂಡದಿದ್ದರೆ ಆ ನುಡಿಗೆ ಬೆಲೆಯಿಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದ ಪರಂಪರೆಯ ಮಕ್ಕಳಾದ ನಮಗೆ ಈ ಸರಪಳಿಯ ಮೇಲೆ ಸಂಶಯ ಬಾರದೆ ಹೋದುದು ಆಶ್ಚರ್ಯ.

ಸಂಶಯಕ್ಕೆ ಆಧಾರಗಳು ನಮ್ಮ ನಾಡಿನಲ್ಲಿಯೇ ದೊರೆಯುತ್ತವೆ. ಸಂತಾನನಿಯಂತ್ರಣದ ವಿಷಯದಲ್ಲಿ ಮೈಸೂರು ಸಂಸ್ಥಾನವು ದೇಶಕ್ಕೇ ಮುಂದಾಗಿತ್ತು. 1930ರಲ್ಲಿಯೇ ಅಲ್ಲಿ ಸರಕಾರದ ವತಿಯಿಂದ ಚಿಕಿತ್ಸಾಲಯಗಳು ತೆರೆದಿದ್ದವು. ಸ್ವಾತಂತ್ರ್ಯಾನಂತರ 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲಿ ಒಂದು ಪ್ರಯೋಗ ನಡೆಯಿತು. ಮುಟ್ಟಿನ ದಿನಗಳನ್ನು ಎಣಿಸಿ ಗರ್ಭಧಾರಣೆಯನ್ನು ತಡೆಯುವ ಕ್ರಮವನ್ನು ಸ್ತ್ರೀಯರಿಗೆ ಕಲಿಸುವುದು ಅದರ ಉದ್ದೇಶ. ಓದು ಬಾರದವರಿಗೂ ಅನುಕೂಲವಾಗಲೆಂದು ಬಣ್ಣಬಣ್ಣದ ಮಣಿಗಳ ಸರವನ್ನೂ ಬಳಕೆಗೆ ತರಲಾಯಿತು. ಕಲಿಯುವ ಇಚ್ಛೆಯನ್ನು ತೋರಿದವರು ಬಹಳ ಮಂದಿ. ಕಲಿತು ಪಾಲಿಸಿದವರು ಕೆಲವೇ ಮಂದಿ. ಅದೇ ದಶಕದಲ್ಲಿ ಪಂಜಾಬಿನ ಖನ್ನಾ ಪ್ರದೇಶದಲ್ಲಿ ನಡೆದ ದೊಡ್ಡ ಅಧ್ಯಯನದ ಹಣೆಬರಹವೂ ಭಿನ್ನವಾಗಿರಲಿಲ್ಲ. ಮನೆಮನೆಗೆ ಮಾತ್ರೆಗಳನ್ನು ಕೊಡಲಾಯಿತು, ಜನರು ಸ್ವೀಕರಿಸಿದರು, ಜನನದ ಪ್ರಮಾಣ ಮಾತ್ರ ನಿರೀಕ್ಷಿಸಿದಂತೆ ಇಳಿಯಲಿಲ್ಲ. ಮುಂದೆ ಮಹಮೂದ್ ಮಮ್ದಾನಿ ಎಂಬ ವಿದ್ವಾಂಸರು ಅಲ್ಲಿನ ಹಳ್ಳಿಯೊಂದಕ್ಕೆ ಹೋಗಿ ವಿಚಾರಿಸಿ 1972ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಮನೆಬಾಗಿಲಿಗೆ ಬಂದ ಸಭ್ಯ ಅತಿಥಿಗಳ ಮನಸ್ಸನ್ನು ನೋಯಿಸಬಾರದೆಂದು ಮಾತ್ರೆಯನ್ನು ತೆಗೆದುಕೊಂಡವರು ಅಲ್ಲಿ ಇದ್ದರು. ಬಳಸದೆ ಇದ್ದುದಕ್ಕೆ ಅವರಿಗೆ ತಮ್ಮದೇ ಆದ ಕಾರಣವೂ ಇತ್ತು. ಹೊಲದ ದುಡಿಮೆಗೆ ಮಕ್ಕಳ ಕೈ ಬೇಕಾಗಿತ್ತು.

ಈ ಕಥೆಯಲ್ಲಿ ಅಧ್ಯಾಪಕರು ಗಮನಿಸಬೇಕಾದ ಅಂಶವೆಂದರೆ, ಪ್ರಶ್ನೆ ಕೇಳುವವನು ಯಾರೆಂಬುದನ್ನು ಅನುಸರಿಸಿ ಉತ್ತರವು ಮಾರ್ಪಡುತ್ತದೆ. ಅತಿಥಿಯ ಮುಂದೆ ಹಳ್ಳಿಗನು ಹೇಗೆ ಸೌಜನ್ಯದಿಂದ ತಲೆಯಾಡಿಸುವನೋ ಹಾಗೆಯೇ ಗುರುವಿನ ಮುಂದೆ ಶಿಷ್ಯನು ಸರಿಯುತ್ತರವನ್ನು ಒಪ್ಪಿಸುತ್ತಾನೆ. ಶಾಲೆಯ ಮಟ್ಟಿಗೆ ಈ ತೊಡಕು ಇಮ್ಮಡಿಯಾದುದು. ಏಕೆಂದರೆ ಇಲ್ಲಿ ಸರಿಯುತ್ತರಕ್ಕೆ ಅಂಕವೂ ಉಂಟು.

ನೀಲಿ ಮಾತ್ರೆಯ ಪಾಠ

ಹಲವು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸಿದ ಈ ಲೇಖಕನಿಗೆ ಆ ತೊಡಕಿನ ನೇರ ಪರಿಚಯವಾದುದು ರಕ್ತಹೀನತೆಯ ವಿಷಯದಲ್ಲಿ. ಹದಿಹರೆಯದವರಿಗೆ ವಾರಕ್ಕೊಮ್ಮೆ ಕಬ್ಬಿಣಾಂಶ ಹಾಗೂ ಫೋಲಿಕ್ ಆಮ್ಲದ ಮಾತ್ರೆಯನ್ನು ಕೊಡುವ ರಾಷ್ಟ್ರೀಯ ಕಾರ್ಯಕ್ರಮವು 2012-13ರಲ್ಲಿ ಆರಂಭವಾಯಿತು. ಮಾತ್ರೆಯ ಬಣ್ಣ ನೀಲಿ. ಕಿರಿಯ ಮಕ್ಕಳಿಗೆ ಕೊಡುವುದು ಗುಲಾಬಿ ಬಣ್ಣದ್ದು. 2018ರಲ್ಲಿ ‘ಅನೀಮಿಯಾ ಮುಕ್ತ ಭಾರತ’ ಎಂಬ ಹೆಸರಿನಲ್ಲಿ ಈ ಕಾರ್ಯವನ್ನು ಇನ್ನಷ್ಟು ವಿಸ್ತರಿಸಲಾಯಿತು. ನಾವು ಮಧ್ಯಾಹ್ನದ ಊಟದ ಬಳಿಕ ಮಾತ್ರೆಯನ್ನು ಹಂಚುತ್ತಿದ್ದೆವು, ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆವು. ತರಗತಿಯಲ್ಲಿ ರಕ್ತಹೀನತೆಯ ಬಗ್ಗೆ ಕೇಳಿದರೆ ಹುಡುಗಿಯರು ಕಾರಣ, ಲಕ್ಷಣ, ಪರಿಹಾರಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಅಂಕ ಕಳೆದುಕೊಂಡವರು ವಿರಳ. ಒಂದು ದಿನ ಕಿಟಕಿಯ ಹೊರಗಿನ ದಾಸವಾಳದ ಪಾತಿಗೆ ನೀರು ಹಾಯಿಸುತ್ತಿದ್ದ ಜವಾನನು ಈ ಲೇಖಕನನ್ನು ಕರೆದು ತೋರಿಸಿದನು. ಗಿಡದ ಬುಡದಲ್ಲಿ ನೀಲಿ ಮಾತ್ರೆಗಳು ಬಿದ್ದಿದ್ದವು. ಕೆಲವು ನೀರಿಗೆ ಕರಗಿ ಮಣ್ಣಿಗೆ ಬಣ್ಣ ಹತ್ತಿತ್ತು.

ಮೊದಲು ಕೋಪ ಬಂದುದು ಸಹಜ. ವಿಚಾರಿಸಿದ ಮೇಲೆ ಬಂದುದು ನಾಚಿಕೆ. ಮಾತ್ರೆಯನ್ನು ನುಂಗಿದರೆ ಓಕರಿಕೆ ಬರುತ್ತದೆಂದು ಒಬ್ಬಳು ಹೇಳಿದಳು. ಅವಳು ಅಂದಂದು ಊಟ ಮಾಡದೆ, ಸೋಮವಾರದ ಉಪವಾಸದಲ್ಲಿ, ಬರಿಯ ಹೊಟ್ಟೆಯಲ್ಲಿ ನುಂಗಿದ್ದಳು. ಮಲವು ಕಪ್ಪಾಯಿತೆಂದು ಇನ್ನೊಬ್ಬಳು ಹೆದರಿದ್ದಳು. ದೇಹವು ಹೀರಿಕೊಳ್ಳದೆ ಉಳಿದ ಕಬ್ಬಿಣಾಂಶವು ಹೀಗೆ ಹೊರಹೋಗುವುದು ಸಹಜವೆಂದೂ ಅದರಿಂದ ಅಪಾಯವಿಲ್ಲವೆಂದೂ ಅವಳಿಗೆ ಯಾರೂ ಹೇಳಿರಲಿಲ್ಲ. ಇದು ಮಕ್ಕಳಾಗದಂತೆ ಮಾಡುವ ಮಾತ್ರೆಯೆಂದು ಮೂರನೆಯವಳ ಮನೆಯಲ್ಲಿ ಅಜ್ಜಿ ಎಚ್ಚರಿಸಿದ್ದಳು. ಈ ಮೂವರಲ್ಲಿ ಯಾರೊಬ್ಬರೂ ಪಠ್ಯದ ಅರಿವಿನಲ್ಲಿ ಹಿಂದುಳಿದವರಲ್ಲ. ಅವರಿಗೆ ಬೇಕಾಗಿದ್ದುದು ಪಠ್ಯದಲ್ಲಿ ಇಲ್ಲದ ಅರಿವು. ರಕ್ತಹೀನತೆಯ ಐದು ಲಕ್ಷಣಗಳನ್ನು ಕಲಿಸಿದ ನಾವು ಒಂದು ಮಾತ್ರೆಯನ್ನು ಹೇಗೆ ನುಂಗಬೇಕೆಂಬುದನ್ನು ಕಲಿಸಿರಲಿಲ್ಲ.

ವಿಷಯವು ಕ್ಷುಲ್ಲಕವಾದುದಲ್ಲ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59.1 ಮಂದಿಗೆ, ಅದೇ ವಯಸ್ಸಿನ ಹುಡುಗರಲ್ಲಿ ಶೇಕಡಾ 31.1 ಮಂದಿಗೆ ರಕ್ತಹೀನತೆ ಇದ್ದಿತು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರನ್ನು ಗಣಿಸಿದರೆ ಈ ಪ್ರಮಾಣವು ಹಿಂದಿನ ಸಮೀಕ್ಷೆಯಲ್ಲಿದ್ದ ಶೇಕಡಾ 44.8ರಿಂದ 47.8ಕ್ಕೆ ಏರಿತ್ತು. ಬೆರಳ ತುದಿಯ ರಕ್ತದಿಂದ ಅಳೆಯುವ ವಿಧಾನದ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯ ಉಂಟು; ಆದರೂ ಪರಿಸ್ಥಿತಿ ಹಗುರವೆಂದು ಯಾರೂ ಹೇಳಿಲ್ಲ. ಹುಡುಗಿಯ ಹಿಮೋಗ್ಲೋಬಿನ್ ಪ್ರತಿ ನೂರು ಮಿಲಿಲೀಟರಿಗೆ 12 ಗ್ರಾಮಿಗಿಂತ ಕೆಳಗಿಳಿದರೆ ರಕ್ತಹೀನತೆಯೆಂದು ಪರಿಗಣಿಸುತ್ತಾರೆ. ಹಾಗೆ ಇಳಿದ ಹುಡುಗಿಯು ಕಾಯಿಲೆಯವಳಂತೆ ತೋರುವುದಿಲ್ಲ. ಮಧ್ಯಾಹ್ನದ ಗಣಿತದ ತರಗತಿಯಲ್ಲಿ ತೂಕಡಿಸುತ್ತಾಳೆ, ಮೆಟ್ಟಿಲು ಹತ್ತಿದರೆ ಏದುತ್ತಾಳೆ. ನಾವು ಅವಳನ್ನು ಸೋಮಾರಿಯೆಂದು ಕರೆಯುತ್ತೇವೆ. ಈ ಲೇಖಕನೂ ಹಾಗೆ ಕರೆದವನೇ.

ಮಠದ ಶಾಲೆಗಳಿಗೆ ಇಲ್ಲಿ ಒಂದು ವಿಶೇಷ ಹೊಣೆಯುಂಟು. 2021ರ ಕೊನೆಯಲ್ಲಿ ಸರಕಾರವು ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದುದು, ಮಕ್ಕಳು ತಾವೇ ಮೊಟ್ಟೆ ಬೇಕೆಂದು ಕೇಳಿದುದು ಎರಡೂ ಪತ್ರಿಕೆಗಳಲ್ಲಿ ಬಂದವು. ಆ ವಾದವನ್ನು ಇಲ್ಲಿ ಮುಂದುವರಿಸುವ ಉದ್ದೇಶವಿಲ್ಲ. ಆದರೆ ಮಾಂಸ ಮೊಟ್ಟೆಗಳಿಲ್ಲದ ದಾಸೋಹವನ್ನು ನಡೆಸುವವರು ಸಸ್ಯಾಹಾರದ ಶಾಸ್ತ್ರವನ್ನು ಇತರರಿಗಿಂತ ಹೆಚ್ಚು ಶ್ರದ್ಧೆಯಿಂದ ತಿಳಿದಿರಬೇಕಲ್ಲವೇ? ಸೊಪ್ಪು, ಕಾಳು, ರಾಗಿ, ಜೋಳಗಳಲ್ಲಿ ಕಬ್ಬಿಣಾಂಶವಿದ್ದರೂ ಅದು ದೇಹಕ್ಕೆ ಸುಲಭವಾಗಿ ದಕ್ಕುವ ರೂಪದಲ್ಲಿರುವುದಿಲ್ಲ. ಧಾನ್ಯದಲ್ಲಿರುವ ಫೈಟೇಟ್ ಎಂಬ ಪದಾರ್ಥವು ಅದನ್ನು ಹಿಡಿದಿಡುತ್ತದೆ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ, ಹಿಟ್ಟನ್ನು ಹುದುಗಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ನಿಂಬೆಹಣ್ಣು, ನೆಲ್ಲಿಕಾಯಿ, ಪೇರಲಗಳ ಹುಳಿಯೊಡನೆ ಉಂಡರೆ ಹೀರಿಕೆ ಹೆಚ್ಚುತ್ತದೆ. ಊಟದೊಡನೆಯೇ ಚಹ ಕುಡಿದರೆ ಅದರಲ್ಲಿನ ಒಗರು ಕಬ್ಬಿಣಾಂಶವನ್ನು ತಡೆಯುತ್ತದೆ. ಹಾಲು ಉತ್ತಮ ಆಹಾರವಾದರೂ ಕಬ್ಬಿಣದ ಮಾತ್ರೆಗೆ ಅದು ಒಳ್ಳೆಯ ಜೊತೆಗಾರನಲ್ಲ. ನಮ್ಮ ಉತ್ತರ ಕರ್ನಾಟಕದ ಊಟದಲ್ಲಿ ಮಡಕೆಕಾಳಿನ ಪಲ್ಯ, ಹಸಿ ಮೆಂತ್ಯದ ಸೊಪ್ಪು, ಗುರೆಳ್ಳಿನ ಪುಡಿ ಮೊದಲಿನಿಂದಲೂ ಇದ್ದವು. ಪ್ರಸಾದನಿಲಯಗಳ ಅಡಿಗೆಮನೆಯಲ್ಲಿ ಅನ್ನ ಮತ್ತು ತಿಳಿಸಾರು ಅವುಗಳ ಸ್ಥಾನವನ್ನು ಎಲ್ಲೆಲ್ಲಿ ಆಕ್ರಮಿಸಿವೆಯೋ ಅಲ್ಲೆಲ್ಲ ಬಾಣಸಿಗರೊಡನೆ ವಿಜ್ಞಾನದ ಅಧ್ಯಾಪಕರು ಒಂದು ಗಂಟೆ ಕುಳಿತು ಮಾತನಾಡುವುದು ಹತ್ತು ಭಾಷಣಗಳಿಗಿಂತ ಲೇಸು.

ರಕ್ತಹೀನತೆಗೆ ಇನ್ನೊಂದು ಕಾರಣ ಕೊಕ್ಕೆಹುಳು. ಬಯಲಿನ ತೇವದ ಮಣ್ಣಿನಲ್ಲಿರುವ ಅದರ ಮರಿಗಳು ಬರಿಗಾಲಿನ ಚರ್ಮವನ್ನು ಭೇದಿಸಿ ಒಳಸೇರಿ, ಕರುಳಿನಲ್ಲಿ ನೆಲಸಿ ರಕ್ತವನ್ನು ಹೀರುತ್ತವೆ. 2015ರ ಫೆಬ್ರವರಿಯಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವನ್ನು ಆಚರಿಸಿ ಆಲ್ಬೆಂಡಜೋಲ್ ಮಾತ್ರೆಯನ್ನು ಕೊಡಲಾಗುತ್ತಿದೆ. ಅದನ್ನು ಅಗಿದು ತಿನ್ನಬೇಕು. ಇದನ್ನು ನುಂಗಿಸಿ ಮಕ್ಕಳನ್ನು ಮತ್ತೆ ಬರಿಗಾಲಿನಲ್ಲಿ ಬಯಲಿಗೆ ಕಳುಹಿಸಿದರೆ ಹುಳು ಮತ್ತೆ ಒಳಬರುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೈ ತೊಳೆಯುವ ವಿಷಯವನ್ನು ದೀರ್ಘವಾಗಿ ಬರೆಯುವ ಅಗತ್ಯವಿಲ್ಲ. 2020ರ ಕೊರೋನಾ ಪಿಡುಗಿನ ತರುವಾಯ ಕೈ ತೊಳೆಯುವ ಕ್ರಮವನ್ನು ತಿಳಿಯದ ಮಗುವಿಲ್ಲ. ನಲ್ಲಿಯ ಪಕ್ಕದಲ್ಲಿ ಸಾಬೂನಿದೆಯೇ ಎಂಬುದಷ್ಟೇ ಈಗ ಉಳಿದ ಪ್ರಶ್ನೆ. ಸಾಬೂನು ಇಟ್ಟರೆ ಕಳುವಾಗುತ್ತದೆಂದು ಬೀಗದೊಳಗಿಟ್ಟ ಶಾಲೆಯನ್ನು ಈ ಲೇಖಕನು ಕಂಡಿದ್ದಾನೆ. ಅಲ್ಲಿಯ ಗೋಡೆಯ ಮೇಲೆ ಕೈತೊಳೆಯುವ ಆರು ಹಂತಗಳ ಚಿತ್ರ ಬಹು ಸುಂದರವಾಗಿತ್ತು.

ಸೂತಕವಿಲ್ಲದ ಧರ್ಮ, ಸೂತಕವಿರುವ ಮನೆ

ಮುಟ್ಟಿನ ವಿಷಯವನ್ನು ಸ್ಮರಣ ಸಂಚಿಕೆಯಲ್ಲಿ ಬರೆಯುವುದು ಉಚಿತವೇ ಎಂದು ಹಿರಿಯರಲ್ಲಿ ಕೆಲವರು ಕೇಳಬಹುದು. ಲಿಂಗಾಯತ ಮಠವೊಂದರ ಆಶ್ರಯದಲ್ಲಿರುವ ಸಂಸ್ಥೆಯ ಸಂಚಿಕೆಯಲ್ಲಲ್ಲದೆ ಬೇರೆಲ್ಲಿ ಬರೆಯಬೇಕು? ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಶರಣರು ಅಲ್ಲಗಳೆದರು. ಅಂಗದ ಮೇಲೆ ಇಷ್ಟಲಿಂಗವನ್ನು ಧರಿಸಿದವಳಿಗೆ ಮೈಲಿಗೆಯೆಂಬುದಿಲ್ಲ. ತಿಂಗಳ ಆ ದಿನಗಳಲ್ಲಿಯೂ ಅವಳು ಲಿಂಗಪೂಜೆಗೆ ಅರ್ಹಳು. ಎಂಟುನೂರು ವರ್ಷಗಳಿಗೂ ಹಿಂದೆ ಇಂತಹ ನಿಲುವನ್ನು ತಳೆದ ಪರಂಪರೆ ನಮ್ಮದೆಂದು ನಾವು ವೇದಿಕೆಗಳಲ್ಲಿ ಹೆಮ್ಮೆಪಡುತ್ತೇವೆ.

ಆದರೆ ಅದೇ ಹುಡುಗಿಯು ಮನೆಗೆ ಹೋದಾಗ ಏನಾಗುತ್ತದೆ? ಎಷ್ಟೋ ಮನೆಗಳಲ್ಲಿ ಅವಳು ಜಗಲಿಯಿಂದ ಒಳಬರುವುದಿಲ್ಲ, ಅಡಿಗೆಮನೆಯನ್ನು ಸೇರುವುದಿಲ್ಲ, ಕರಡಿಗೆಯನ್ನು ಮುಟ್ಟುವುದಿಲ್ಲ. ಉಪ್ಪಿನಕಾಯಿಯ ಭರಣಿಗೆ ಅವಳ ನೆರಳು ಬೀಳಬಾರದು. ಪಂಚಸೂತಕಗಳ ನಿರಾಕರಣೆಯನ್ನು ಕುರಿತು ಟಿಪ್ಪಣಿ ಬರೆಯಿರಿ ಎಂದರೆ ಪೂರ್ಣಾಂಕ ಗಳಿಸುವ ಹುಡುಗಿ ಅವಳೇ. ಅರಿವು ಮತ್ತು ಆಚರಣೆಗಳ ನಡುವಣ ಅಂತರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಈ ಲೇಖಕನು ಕಾಣನು. ಅವಳನ್ನು ಕಪಟಿಯೆನ್ನುವಂತೆಯೂ ಇಲ್ಲ. ಮನೆಯಲ್ಲಿ ನಿರ್ಣಯ ಅವಳದಲ್ಲ. ಅಜ್ಜಿಯದು, ಅತ್ತೆಯದು, ಕೆಲವೊಮ್ಮೆ ಊರಿನದು. ಹುಡುಗಿಯ ಮನೋಭಾವವನ್ನು ಅಳೆದು ಹುಡುಗಿಯ ಆಚರಣೆಯನ್ನು ಊಹಿಸುವ ಸಮೀಕ್ಷೆಗಳು ಎಡವುವುದು ಇಲ್ಲಿಯೇ. ಒಬ್ಬಳು ತಿಳಿಯುತ್ತಾಳೆ, ಇನ್ನೊಬ್ಬಳು ನಿರ್ಧರಿಸುತ್ತಾಳೆ.

ತತ್ತ್ವದ ಮಾತು ಹೀಗಾದರೆ ಶೌಚಾಲಯದ ಮಾತು ಬೇರೆ. ಕರ್ನಾಟಕ ಸರಕಾರವು 2013-14ರಲ್ಲಿ ‘ಶುಚಿ’ ಯೋಜನೆಯನ್ನು ಆರಂಭಿಸಿ ಹದಿಹರೆಯದ ಹುಡುಗಿಯರಿಗೆ ಉಚಿತವಾಗಿ ಪ್ಯಾಡುಗಳನ್ನು ಹಂಚತೊಡಗಿತು. ನಡುವೆ ಕೆಲವು ಕಾಲ ವಿತರಣೆ ನಿಂತಿದ್ದು ಮತ್ತೆ ಮುಂದುವರಿಯಿತು. ಪ್ಯಾಡು ಸಿಕ್ಕಿದ ಮೇಲೆ ಅದನ್ನು ಬದಲಿಸಲು ಒಳಗಿನಿಂದ ಚಿಲಕವಿರುವ ಬಾಗಿಲು, ತೊಳೆಯಲು ನೀರು, ಬಿಸುಡಲು ಮುಚ್ಚಳವಿರುವ ಬುಟ್ಟಿ ಬೇಕು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಹುಡುಗಿಯು ಬೆಳಗಿನಿಂದ ಸಂಜೆಯವರೆಗೆ ಒಂದನ್ನೇ ಇಟ್ಟುಕೊಂಡಿರುತ್ತಾಳೆ, ಅಥವಾ ಆ ದಿನ ಬರುವುದೇ ಇಲ್ಲ. ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರನ್ನೇ ಕುಡಿಯದೆ ದಿನ ಕಳೆಯುವ ಹುಡುಗಿಯರೂ ಉಂಟು. ಮಹಾದ್ವಾರಕ್ಕೆ, ಸಭಾಭವನಕ್ಕೆ, ಗಡಿಯಾರದ ಗೋಪುರಕ್ಕೆ ದಾನ ನೀಡಿ ಶಿಲಾಫಲಕವನ್ನು ಹಾಕಿಸಿದ ಮಹನೀಯರ ಔದಾರ್ಯವನ್ನು ಸಂಸ್ಥೆಗಳು ಮರೆಯಲಾರವು. ಹೆಣ್ಣುಮಕ್ಕಳ ಶೌಚಾಲಯದ ನೀರಿನ ತೊಟ್ಟಿಗೆ ಹೆಸರು ಕೆತ್ತಿಸುವ ಉಮೇದು ಯಾರಿಗೂ ಬಾರದಿರುವುದು ಸ್ವಾಭಾವಿಕ. ಹೆಸರಿಲ್ಲದೆಯೇ ಅದನ್ನು ಮಾಡಿಸಿಕೊಟ್ಟ ಒಬ್ಬ ಹಳೆಯ ವಿದ್ಯಾರ್ಥಿನಿಯನ್ನು ಈ ಲೇಖಕನು ಬಲ್ಲನು. ಬಾಗಿಲಿಗೆ ಚಿಲಕ, ಗೋಡೆಗೆ ಒಂದು ಮೊಳೆ ಎರಡನ್ನೂ ಮರೆಯದೆ ಹಾಕಿಸಿದ್ದಳು. ಮೊಳೆ ಏಕೆಂದು ಕೇಳಿದಾಗ, ಚೀಲವನ್ನು ಒದ್ದೆ ನೆಲದ ಮೇಲೆ ಇಡುವುದು ಹೇಗೆಂದು ಅವಳು ಮರುಪ್ರಶ್ನೆ ಹಾಕಿದಳು.

ಹುಡುಗರನ್ನು ಈ ಪಾಠದಿಂದ ಹೊರಗೆ ಕಳುಹಿಸುವ ಪದ್ಧತಿಯೂ ಬದಲಾಗಬೇಕು. ನಾಳೆ ಮನೆಯ ಯಜಮಾನನಾಗಿ ಯಾರು ಎಲ್ಲಿ ಕುಳಿತುಕೊಳ್ಳಬೇಕೆಂದು ವಿಧಿಸುವವನು ಅವನೇ.

ಅಂಗಡಿ ಮತ್ತು ನೂರು ಗಜ

ತಂಬಾಕಿನ ವಿಷಯದಲ್ಲಿ ಅರಿವಿನ ಕೊರತೆ ಎಳ್ಳಷ್ಟೂ ಇಲ್ಲ. ಪೊಟ್ಟಣದ ಮೇಲೆಯೇ ಕ್ಯಾನ್ಸರಿನ ಭೀಕರ ಚಿತ್ರವಿದೆ. ಆದರೂ 2019ರ ಜಾಗತಿಕ ಯುವಜನ ತಂಬಾಕು ಸಮೀಕ್ಷೆಯಲ್ಲಿ ನಮ್ಮ ದೇಶದ 13ರಿಂದ 15 ವರ್ಷದ ವಿದ್ಯಾರ್ಥಿಗಳ ಪೈಕಿ ಶೇಕಡಾ 8.5 ಮಂದಿ ತಂಬಾಕಿನ ಯಾವುದಾದರೊಂದು ರೂಪವನ್ನು ಬಳಸುತ್ತಿದ್ದುದು ಕಂಡುಬಂದಿತು. ವಿದ್ಯಾಸಂಸ್ಥೆಯ ನೂರು ಗಜಗಳೊಳಗೆ ತಂಬಾಕಿನ ಮಾರಾಟವನ್ನು 2003ರ ಕಾಯಿದೆಯು ನಿಷೇಧಿಸಿದೆ. ಕರ್ನಾಟಕದಲ್ಲಿ ಗುಟಖಾ 2013ರ ಮೇ ತಿಂಗಳಿನಲ್ಲಿ ನಿಷಿದ್ಧವಾಯಿತು. ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಮಾರಾಟಕ್ಕೆ ಬಂದು, ಬೆರೆಸುವ ಕಾರ್ಯವನ್ನು ಗಿರಾಕಿಯ ಅಂಗೈಗೆ ಬಿಡಲಾಯಿತು.

ತಂಬಾಕಿಲ್ಲದ ಬರಿಯ ಅಡಿಕೆಯೂ ನಿರಪಾಯವಲ್ಲವೆಂಬ ಮಾತು ನಮ್ಮ ರಾಜ್ಯದಲ್ಲಿ ಕಹಿಯಾದುದು, ಏಕೆಂದರೆ ದೇಶದಲ್ಲಿಯೇ ಅತಿ ಹೆಚ್ಚು ಅಡಿಕೆ ಬೆಳೆಯುವ ನಾಡು ಇದು. ನಮ್ಮ ದಾನಿಗಳಲ್ಲಿಯೂ ಅಡಿಕೆಯ ತೋಟದವರು ಇದ್ದಾರು. ಆದರೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿದೆ. ಸದಾ ಅಡಿಕೆಯನ್ನು ಜಗಿಯುವವರ ಬಾಯಿಯ ಒಳಚರ್ಮವು ಬಿರುಸಾಗಿ ಬಾಯಿ ತೆರೆಯುವುದೇ ಕಷ್ಟವಾಗುವ ರೋಗವು ಎಳೆಯ ವಯಸ್ಸಿನವರಲ್ಲಿಯೂ ಕಾಣಿಸಿಕೊಳ್ಳುತ್ತದೆ. ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯಿಯೊಳಗೆ ತೂರುವುದೇ ಎಂದು ನೋಡುವುದು ಸರಳವಾದ ಪರೀಕ್ಷೆ. ತೂರದಿದ್ದರೆ ದಂತವೈದ್ಯರ ಬಳಿಗೆ ಕಳುಹಿಸಬೇಕು. ಈ ಪರೀಕ್ಷೆಯನ್ನು ಅಧ್ಯಾಪಕರ ಕೊಠಡಿಯಲ್ಲಿ ಮೊದಲು ಮಾಡಿದರೆ ಒಳಿತು. ಎಲೆಯಡಿಕೆಯ ಸಂಚಿಯನ್ನು ಮೇಜಿನ ಸೆಳೆಖಾನೆಯಲ್ಲಿಟ್ಟು ಮಕ್ಕಳಿಗೆ ಉಪದೇಶಿಸುವವರು ನಮ್ಮಲ್ಲಿ ಇಲ್ಲದಿಲ್ಲ.

ದಾಖಲಾತಿ ಪುಸ್ತಕ

ಬಾಲ್ಯವಿವಾಹದ ಕಾಯಿದೆಗೆ ಈಗ ಶತಮಾನ ತುಂಬುತ್ತಲಿದೆ. 1929ರ ಸಾರ್ದಾ ಕಾಯಿದೆಯು ಹುಡುಗಿಗೆ 14, ಹುಡುಗನಿಗೆ 18 ವರ್ಷವೆಂದು ಗೊತ್ತುಪಡಿಸಿತು. 1978ರ ತಿದ್ದುಪಡಿಯು ಅದನ್ನು 18 ಮತ್ತು 21ಕ್ಕೆ ಏರಿಸಿತು. 2006ರ ಹೊಸ ಕಾಯಿದೆಯು ಮದುವೆಯನ್ನು ನಡೆಸಿದವರಿಗೆ, ನಡೆಯಲು ನೆರವಾದವರಿಗೆ ಎರಡು ವರ್ಷಗಳವರೆಗೆ ಕಠಿಣ ಸಜೆಯನ್ನು ಹಾಗೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡವನ್ನು ವಿಧಿಸಿತು. ನ್ಯಾಯಮೂರ್ತಿ ಶಿವರಾಜ ಪಾಟೀಲರ ಅಧ್ಯಕ್ಷತೆಯ ಸಮಿತಿಯು 2011ರಲ್ಲಿ ವರದಿ ಸಲ್ಲಿಸಿದ ತರುವಾಯ ಕರ್ನಾಟಕವು 2016ರ ತಿದ್ದುಪಡಿಯ ಮೂಲಕ ಇಂತಹ ವಿವಾಹವನ್ನು ಆರಂಭದಿಂದಲೇ ಅಸಿಂಧುವೆಂದು ಸಾರಿತು. ಕಾಯಿದೆ ಇಷ್ಟು ಬಿಗಿಯಾಗಿದ್ದರೂ 20ರಿಂದ 24 ವರ್ಷದ ಸ್ತ್ರೀಯರಲ್ಲಿ 18 ತುಂಬುವ ಮೊದಲೇ ಮದುವೆಯಾದವರ ಪ್ರಮಾಣವು ಕರ್ನಾಟಕದಲ್ಲಿ ನಾಲ್ಕನೆಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇಕಡಾ 21.4, ಐದನೆಯದರಲ್ಲಿ 21.3. ಅಂದರೆ ಆ ಅವಧಿಯಲ್ಲಿ ಅದು ಇದ್ದಲ್ಲಿಯೇ ಇದ್ದಿತು. ಐವರಲ್ಲಿ ಒಬ್ಬಳು.

ಹದಿನೆಂಟು ಎಂಬ ಸಂಖ್ಯೆಯನ್ನು ತಿಳಿಯದ ವಿದ್ಯಾರ್ಥಿನಿಯನ್ನು ಈ ಲೇಖಕನು ಕಂಡಿಲ್ಲ. ತಂದೆತಾಯಿಗಳೂ ಅದನ್ನು ಬಲ್ಲರು. ಹಾಗಾದರೆ ಮದುವೆ ಏಕೆ? ಹತ್ತನೆಯ ತರಗತಿ ಮುಗಿದ ಮೇಲೆ ಕಾಲೇಜು ಇರುವುದು ದೂರದ ಊರಿನಲ್ಲಿ. ಬಸ್ಸು ದಿನಕ್ಕೆ ಎರಡು ಬಾರಿ. ದುಡಿಯಲು ಗುಳೆ ಹೋಗುವ ತಂದೆತಾಯಿಗಳು ಬೆಳೆದ ಮಗಳನ್ನು ಯಾರ ಬಳಿ ಬಿಟ್ಟುಹೋಗಬೇಕು? ಅಕ್ಕನ ಮದುವೆಯ ಹಂದರದಲ್ಲಿಯೇ ತಂಗಿಯದೂ ಆದರೆ ಒಂದು ಖರ್ಚು ಉಳಿಯಿತು. ಸೋದರಮಾವ ಕಾದಿದ್ದಾನೆ, ಅಜ್ಜನ ಕಣ್ಣು ಮುಚ್ಚುವುದರೊಳಗೆ ಆಗಲಿ. ಇವು ಅಜ್ಞಾನದ ಕಾರಣಗಳಲ್ಲ, ನಿರುಪಾಯದ ಹಾಗೂ ಲೆಕ್ಕಾಚಾರದ ಕಾರಣಗಳು. ಹುಡುಗಿಯರಿಗಾಗಿ ಒಂದು ಪ್ರಸಾದನಿಲಯ, ಬೆಳಗಿನ ಹೊತ್ತಿಗೊಂದು ಬಸ್ಸು ಇವುಗಳಿಂದ ಎಷ್ಟು ಮದುವೆಗಳು ಎರಡು ವರ್ಷ ಮುಂದೆ ಹೋಗಬಲ್ಲವೋ ಅಷ್ಟು ಮದುವೆಗಳು ಭಾಷಣದಿಂದ ಮುಂದೆ ಹೋಗಲಾರವು. ಗಂಡುಮಕ್ಕಳಿಗೆ ಉಚಿತ ಪ್ರಸಾದನಿಲಯಗಳನ್ನು ತೆರೆದು ಬಡ ರೈತರ ಮಕ್ಕಳನ್ನು ವಿದ್ಯಾವಂತರನ್ನಾಗಿ ಮಾಡಿದುದು ನಮ್ಮ ಮಠಗಳ ಬಹುದೊಡ್ಡ ಸಾಧನೆ. ಹೆಣ್ಣುಮಕ್ಕಳ ವಿಷಯದಲ್ಲಿ ಆ ಕೆಲಸ ತಡವಾಗಿ ಆರಂಭವಾಯಿತು.

ಮಠಗಳು ನಡೆಸುವ ಸಾಮೂಹಿಕ ವಿವಾಹಗಳು ಬಡವರನ್ನು ಸಾಲದಿಂದ ಕಾಪಾಡಿವೆ. ಅಲ್ಲಿ ವಧುವಿನ ವಯಸ್ಸಿಗೆ ಆಧಾರವೇನು? ಬಹುಮಟ್ಟಿಗೆ ಶಾಲೆಯ ದಾಖಲಾತಿ ಪುಸ್ತಕದ ಜನ್ಮದಿನಾಂಕ. ಆದ್ದರಿಂದ ಶಾಲೆಯ ಈ ಹಳೆಯ ಪುಸ್ತಕವು ಬರಿಯ ಕಚೇರಿಯ ಕಾಗದವಲ್ಲ. ಒಂದು ವರ್ಷ ಕೂಡಿಸಿ ಬರೆದು ಪ್ರಮಾಣಪತ್ರ ಕೊಡಿರೆಂದು ಬೇಡಿಕೊಂಡು ಬರುವ ಪಾಲಕರು ದುಷ್ಟರಲ್ಲ. ಹಲವರು ನಮ್ಮ ಹಳೆಯ ವಿದ್ಯಾರ್ಥಿಗಳೇ. ಅವರ ಕಣ್ಣೀರಿಗೆ ಕರಗಿ ಒಂದು ಅಂಕಿಯನ್ನು ತಿದ್ದಿದ ಮುಖ್ಯೋಪಾಧ್ಯಾಯರೊಬ್ಬರು, ಆ ಹುಡುಗಿ ಹದಿನೇಳರಲ್ಲಿ ಹೆರಿಗೆಗೆಂದು ಆಸ್ಪತ್ರೆಗೆ ಹೋಗಿ ಬಹಳ ಕಷ್ಟದಿಂದ ಬದುಕಿ ಬಂದ ಸುದ್ದಿ ಕೇಳಿ, ನಿವೃತ್ತರಾಗುವವರೆಗೂ ಆ ಪುಸ್ತಕವನ್ನು ತಮ್ಮ ಕೈಯಾರೆ ಬೀಗದಲ್ಲಿಡುತ್ತಿದ್ದುದನ್ನು ಈ ಲೇಖಕನು ಬಲ್ಲನು. ರಜೆಯ ತಿಂಗಳುಗಳಲ್ಲಿ ಗೆಳತಿಯ ಮದುವೆಯ ಸುಳಿವು ಮೊದಲು ತಿಳಿಯುವುದು ಗೆಳತಿಯರಿಗೇ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಅವರು ಬಲ್ಲರು. ಕರೆ ಮಾಡಿದವಳ ಹೆಸರು ಊರಿಗೆ ತಿಳಿಯದೆಂಬ ಭರವಸೆ ಇಲ್ಲದಿರುವುದರಿಂದ ಕರೆ ಮಾಡುವುದಿಲ್ಲ.

ಕೇಳುವ ಬಗೆ

ಈ ಮೇಲಿನ ಸಂಗತಿಗಳನ್ನು ತಮ್ಮ ತಮ್ಮ ಶಾಲೆಗಳಲ್ಲಿ ವ್ಯವಸ್ಥಿತವಾಗಿ ಅಭ್ಯಸಿಸಬಯಸುವ ಅಧ್ಯಾಪಕರಿಗೆ ಕೆಲವು ಸೂಚನೆಗಳು ಉಪಯುಕ್ತವಾದಾವು. ಪ್ರಶ್ನಾವಳಿಯಲ್ಲಿ ಹೆಸರು, ಕ್ರಮಸಂಖ್ಯೆ ಬೇಡ. ಅಕ್ಷರದ ಗುರುತು ಹಿಡಿಯುವ ತರಗತಿಯ ಅಧ್ಯಾಪಕರು ಅದನ್ನು ಸಂಗ್ರಹಿಸುವುದು ಬೇಡ, ಡಬ್ಬಿಯಲ್ಲಿ ಹಾಕಿಸಬೇಕು. ‘ಊಟಕ್ಕೆ ಮುನ್ನ ಕೈ ತೊಳೆಯುವೆಯಾ?’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ‘ನಿನ್ನೆ ಮಧ್ಯಾಹ್ನ ಕೈ ತೊಳೆಯಲು ಏನನ್ನು ಬಳಸಿದೆ?’ ಎಂದರೆ ನೀರು ಎಂಬ ಉತ್ತರ ಬಂದೀತು. ಅದು ಬೆಲೆಯುಳ್ಳ ಉತ್ತರ. ‘ಕಳೆದ ವಾರದ ಮಾತ್ರೆಯನ್ನು ಏನು ಮಾಡಿದೆ?’ ಎಂದು ಕೇಳಿ, ನುಂಗಿದೆ, ಎಸೆದೆ, ಮನೆಗೆ ಒಯ್ದೆ, ಗೆಳತಿಗೆ ಕೊಟ್ಟೆ ಎಂಬ ಎಲ್ಲ ಉತ್ತರಗಳನ್ನೂ ಸಮಾನವಾದ ಅಕ್ಷರಗಳಲ್ಲಿ ಅಚ್ಚು ಮಾಡಿಸಬೇಕು. ಎಸೆದವರಿಗೂ ಒಂದು ಗೌರವದ ಸ್ಥಾನ ಕಾಗದದ ಮೇಲೆ ಇರಲಿ.

ಕೇಳದೆಯೇ ತಿಳಿಯಬಹುದಾದುದನ್ನು ಕೇಳಬಾರದು. ತಿಂಗಳಿಗೆ ಎಷ್ಟು ಸಾಬೂನು ಸವೆಯಿತು, ಶೌಚಾಲಯದ ತೊಟ್ಟಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನೀರಿತ್ತೇ, ಹಾಜರಿ ಪುಸ್ತಕದಲ್ಲಿ ಹುಡುಗಿಯರ ಗೈರುಹಾಜರಿ ತಿಂಗಳಿಗೊಮ್ಮೆ ಮರುಕಳಿಸುತ್ತದೆಯೇ, ಹತ್ತನೆಯ ತರಗತಿ ಮುಗಿಸಿದ ಎಷ್ಟು ಹುಡುಗಿಯರು ಮುಂದಿನ ಆಗಸ್ಟ್ ತಿಂಗಳಲ್ಲಿ ಯಾವುದಾದರೊಂದು ತರಗತಿಯಲ್ಲಿ ಕುಳಿತಿದ್ದಾರೆ. ಇವುಗಳಿಗೆ ಮಕ್ಕಳ ಬಾಯಿಯಿಂದ ಉತ್ತರ ಬೇಕಾಗಿಲ್ಲ. ಈ ನಾಲ್ಕು ಅಂಕಿಗಳನ್ನು ಮುಂದಿನ ಸಂಚಿಕೆಯಲ್ಲಿ ಪರೀಕ್ಷಾ ಫಲಿತಾಂಶದ ಪಕ್ಕದ ಪುಟದಲ್ಲಿ ಅಚ್ಚು ಮಾಡಿಸಲು ಸಂಪಾದಕ ಮಂಡಲಿಯವರು ಒಪ್ಪಿದರೆ ದಾನಿಗಳಿಗೂ ತಮ್ಮ ಹಣ ಎಲ್ಲಿಗೆ ಹೋಗಬೇಕೆಂಬುದು ತಾನಾಗಿ ತಿಳಿಯುತ್ತದೆ.

ಇನ್ನೊಂದು ಮಾತು. ಮಕ್ಕಳಿಗೆ ಕೊಡುವ ಪ್ರಶ್ನಾವಳಿಯನ್ನು ಅದಕ್ಕೆ ಒಂದು ವಾರ ಮೊದಲು ಅಧ್ಯಾಪಕರೂ ಆಡಳಿತ ಮಂಡಲಿಯ ಸದಸ್ಯರೂ ಹೆಸರಿಲ್ಲದೆ ತುಂಬಬೇಕು; ಮನೆಯಲ್ಲಿ ಮುಟ್ಟಾದವರು ಎಲ್ಲಿ ಕುಳಿತುಕೊಳ್ಳುತ್ತಾರೆ ಎಂಬ ಪ್ರಶ್ನೆಯನ್ನು ಬಿಡದೆ. ಎರಡೂ ಡಬ್ಬಿಗಳನ್ನು ಒಂದೇ ದಿನ ತೆರೆದರೆ ಸಾಕು.